ಭುಜದ ನೋವು: ಚೀಟಿಯ ಕೊನೆಯ ಸಾಲಿಗೆ ಬಿದ್ದ ವ್ಯಾಯಾಮ

ಭುಜದ ನೋವಿಗೆ ಬರೆದುಕೊಡುವ ಚೀಟಿಯಲ್ಲಿ ವ್ಯಾಯಾಮಕ್ಕೆ ಸಿಗುವುದು ಕೊನೆಯ ಸಾಲು. ಮೇಲೆ ನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಆಗದಿರಲೆಂದು ಇನ್ನೊಂದು ಮಾತ್ರೆ, ಎಂಆರ್‌ಐ, ಹತ್ತು ದಿನ 'ಕರೆಂಟ್'. ಫಿಸಿಯೋಥೆರಪಿ ಕೊಠಡಿಯಲ್ಲೂ ಶಾಖ, ಅಲ್ಟ್ರಾಸೌಂಡ್, ಐಎಫ್‌ಟಿ ಎಂಬ ವಿದ್ಯುತ್ ಚಿಕಿತ್ಸೆ ಎಲ್ಲ ಮುಗಿದು ರೋಗಿ ಹೊರಡುವ ಹೊತ್ತಿಗೆ ಒಂದು ಜೆರಾಕ್ಸ್ ಹಾಳೆ ಕೈಗೆ ಬರುತ್ತದೆ. ಈ ಅಸಡ್ಡೆ ಹಳೆಯದು. ಈಚೆಗೆ ಇದರ ಜೊತೆ ಹೊಸ ಮಾತೊಂದು ಸೇರಿಕೊಂಡಿದೆ: 'ವ್ಯಾಯಾಮದಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ಬ್ರಿಟನ್ನಿನ ದೊಡ್ಡ ಅಧ್ಯಯನವೇ ಹೇಳಿದೆ.' ಕಿರಿಯ ಸಹೋದ್ಯೋಗಿಗಳ ಬಾಯಲ್ಲೂ ಇದನ್ನು ಕೇಳುತ್ತಿದ್ದೇನೆ. ಆ ಅಧ್ಯಯನ ಹೇಳಿದ್ದು ಅದಲ್ಲ. ಅದು ಏನು ಹೇಳಿತು ಎಂದು ತಿಳಿಯಬೇಕಾದರೆ ಈ ಕ್ಷೇತ್ರ ನಡೆದುಬಂದ ದಾರಿಯನ್ನು ಒಮ್ಮೆ ನೋಡಬೇಕು.

ತೋಳಿನ ಮೂಳೆಯ ತಲೆಯನ್ನು ಸುತ್ತುವರಿದು, ಅದು ಗುಳಿಯ ನಡುವೆಯೇ ಕೂರುವಂತೆ ಹಿಡಿದಿಡುವ ನಾಲ್ಕು ಸ್ನಾಯುಗಳ ಗುಂಪೇ ರೊಟೇಟರ್ ಕಫ್: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್. ಇವುಗಳಿಗೆ ತೊಂದರೆಯಾದಾಗ ನೋವು ಹೆಚ್ಚಾಗಿ ರಟ್ಟೆಯ ಹೊರಮೈಯಲ್ಲಿ ಕಾಣಿಸಿಕೊಳ್ಳುತ್ತದೆ. ಅಟ್ಟದ ಡಬ್ಬ ಇಳಿಸುವಾಗ, ಬಸ್ಸಿನ ಕಂಬಿ ಹಿಡಿದಾಗ, ಜಡೆ ಹೆಣೆಯುವಾಗ ಚಳಕು ಹೊಡೆಯುತ್ತದೆ. ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ನಮ್ಮಲ್ಲಿ ಭುಜ ನೋವೆಂದರೆ ಸಾಕು, ಫ್ರೋಜನ್ ಶೋಲ್ಡರ್ ಎಂದು ಹೇಳಿಬಿಡುತ್ತಾರೆ. ಅದು ಬೇರೆಯೇ ಕಾಯಿಲೆ. ಅದರಲ್ಲಿ ಬೇರೆಯವರು ಹಿಡಿದು ತಿರುಗಿಸಿದರೂ ತೋಳು ಹೊರಮುಖವಾಗಿ ತಿರುಗುವುದಿಲ್ಲ. ರೊಟೇಟರ್ ಕಫ್ ನೋವಿನಲ್ಲಿ ಸಾಮಾನ್ಯವಾಗಿ ತಿರುಗುತ್ತದೆ. ಒಂದು ನಿಮಿಷದ ಈ ಪರೀಕ್ಷೆ ಎಷ್ಟೋ ಜನರ ಸ್ಕ್ಯಾನಿಂಗ್ ಖರ್ಚು ಉಳಿಸಬಲ್ಲದು.

ಆರಂಭದ ಕಥೆಯನ್ನು ಚುಟುಕಾಗಿ ಹೇಳಬಹುದು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಭುಜದ ಮೇಲೆಯೇ ಒಂದು ಇಡೀ ಗ್ರಂಥ ಪ್ರಕಟಿಸಿದ. ಮುಂದಕ್ಕೆ ಬಾಗಿ ತೋಳನ್ನು ಇಳಿಬಿಟ್ಟು ತೂಗಾಡಿಸುವ, ಇಂದಿಗೂ ಎಲ್ಲ ಹಾಳೆಗಳಲ್ಲಿ ಮೊದಲಿಗೆ ಬರುವ ವ್ಯಾಯಾಮಕ್ಕೆ ಅವನ ಹೆಸರೇ ಇದೆ. ಲಂಡನ್ನಿನ ಜೇಮ್ಸ್ ಸಿರಿಯಾಕ್ಸ್, ಯಾವ ಚಲನೆಯನ್ನು ತಡೆದಾಗ ನೋವು ಬರುತ್ತದೆ ಎಂಬುದರಿಂದ ತೊಂದರೆಯ ಜಾಗ ಗುರುತಿಸುವ ಕ್ರಮ ಕಲಿಸಿದ. ನಮ್ಮ ದೇಶದಲ್ಲಿ ಫಿಸಿಯೋಥೆರಪಿ ಶಿಕ್ಷಣ ಬೇರೂರಿದ್ದು 1950ರ ದಶಕದ ಮುಂಬೈಯಲ್ಲಿ, ಪೋಲಿಯೊ ಹಾವಳಿಯ ಬೆನ್ನಿಗೆ. ಆಗಿನ ಗಮನವೆಲ್ಲ ಬಲಗುಂದಿದ ಮಕ್ಕಳ ಕಾಲಿನ ಮೇಲೆ. ಭುಜದ ನೋವಿನ ಸರದಿ ಬಂದದ್ದು ಬಹಳ ತಡವಾಗಿ.

ದಿಕ್ಕು ಬದಲಿಸಿದ್ದು 1972ರ ಒಂದು ಲೇಖನ. ಅಮೆರಿಕದ ಚಾರ್ಲ್ಸ್ ನೀರ್, ಭುಜದ ಮೇಲ್ಚಾವಣಿಯಂತಿರುವ ಅಕ್ರೋಮಿಯನ್ ಮೂಳೆಯ ಮುಂಭಾಗಕ್ಕೆ ತಾಗಿ ತಾಗಿ ಕೆಳಗಿನ ಸ್ನಾಯುರಜ್ಜು ಸವೆಯುತ್ತದೆ, ಕೊನೆಗೆ ಹರಿಯುತ್ತದೆ ಎಂದ. ಬಾವಿಕಟ್ಟೆಯ ಕಲ್ಲಿಗೆ ಉಜ್ಜಿ ಹಗ್ಗ ಸವೆಯುವ ಈ ಚಿತ್ರ ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಉಪಾಯವೂ ಅಷ್ಟೇ ನೇರವಾಗಿತ್ತು: ಕಲ್ಲನ್ನು ಕೆತ್ತಿಬಿಡುವುದು. ಕೀಹೋಲ್ ವಿಧಾನ ಬಂದ ಮೇಲೆ ಇಂಗ್ಲೆಂಡಿನಲ್ಲಿ 2000ದ ಸುಮಾರಿಗೆ ವರ್ಷಕ್ಕೆ 2,500ರಷ್ಟಿದ್ದ ಈ ಶಸ್ತ್ರಚಿಕಿತ್ಸೆ ಹತ್ತು ವರ್ಷದೊಳಗೆ 21,000 ದಾಟಿತು. ಆದರೆ ಸ್ನಾಯುರಜ್ಜು ಜೀವವಿರುವ ಅಂಗಾಂಶ. ಭಾರ ಬಿದ್ದರೆ ಅದಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಭಾರವೇ ಇಲ್ಲದಿದ್ದರೆ ಸೊರಗುತ್ತದೆ. ನೀರ್‌ನ ಚಿತ್ರದಲ್ಲಿ ಇದಕ್ಕೆ ಜಾಗವಿರಲಿಲ್ಲ. 'ಉಜ್ಜುತ್ತದೆ' ಎಂದು ಒಮ್ಮೆ ಕೇಳಿಸಿಕೊಂಡ ರೋಗಿ ತೋಳೆತ್ತುವುದನ್ನೇ ಬಿಟ್ಟುಬಿಡುತ್ತಾನೆ. ಆ ಸಿದ್ಧಾಂತ ಮಾಡಿದ ದೊಡ್ಡ ಹಾನಿ ಇದು ಎಂದೇ ನನ್ನ ಅಭಿಪ್ರಾಯ.

ಈ ಚಿತ್ರವನ್ನು ಪ್ರಶ್ನಿಸಿದ ಕೆಲಸ ಹೆಚ್ಚಾಗಿ ನಡೆದದ್ದು ಉತ್ತರ ಯುರೋಪಿನಲ್ಲಿ, ನಮ್ಮ ತಲೆಮಾರಿನ ಕಾಲದಲ್ಲಿ. 1993ರಲ್ಲಿ ನಾರ್ವೆಯ ಬ್ರೋಕ್ಸ್ ಮತ್ತು ಸಂಗಡಿಗರು 125 ರೋಗಿಗಳನ್ನು ಮೂರು ಗುಂಪು ಮಾಡಿ, ಶಸ್ತ್ರಚಿಕಿತ್ಸೆ, ಮೇಲ್ವಿಚಾರಣೆಯ ವ್ಯಾಯಾಮ ಮತ್ತು ಹುಸಿ ಲೇಸರ್‌ಗಳನ್ನು ಹೋಲಿಸಿದರು. ಮೊದಲೆರಡೂ ಹುಸಿ ಲೇಸರ್‌ಗಿಂತ ಮೇಲಾದವು. ಅವೆರಡರ ನಡುವೆ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. 2005ರ ಡೆನ್ಮಾರ್ಕಿನ ಅಧ್ಯಯನವೂ 2009ರ ಫಿನ್‌ಲೆಂಡಿನದೂ ಅದೇ ದಿಕ್ಕಿಗೆ ಬೆರಳು ಮಾಡಿದವು.

ನಾನು ಬಹಳ ಗೌರವದಿಂದ ಕಾಣುವುದು 2012ರಲ್ಲಿ ಸ್ವೀಡನ್ನಿನ ಹೋಲ್ಮ್‌ಗ್ರೆನ್ ತಂಡ ಪ್ರಕಟಿಸಿದ ಅಧ್ಯಯನವನ್ನು. ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 102 ಮಂದಿಗೆ ಮೊದಲು ಒಂದು ಸ್ಟಿರಾಯ್ಡ್ ಇಂಜೆಕ್ಷನ್; ಆಮೇಲೆ ಅರ್ಧದಷ್ಟು ಜನರಿಗೆ ಗೊತ್ತುಪಡಿಸಿದ ವ್ಯಾಯಾಮ, ಉಳಿದವರಿಗೆ ಭಾರವಿಲ್ಲದೆ ಕತ್ತು-ಭುಜ ಆಡಿಸುವ ಸಾಮಾನ್ಯ ವ್ಯಾಯಾಮ. ಹನ್ನೆರಡು ವಾರ ಕಳೆದ ಮೇಲೆ ಶಸ್ತ್ರಚಿಕಿತ್ಸೆಯೇ ಬೇಕೆಂದವರು ಮೊದಲ ಗುಂಪಿನಲ್ಲಿ ಶೇ. 20, ಎರಡನೆಯದರಲ್ಲಿ ಶೇ. 63.

ಅಲ್ಲಿನ ವ್ಯಾಯಾಮದ ಒಳವಿವರವನ್ನು ಹತ್ತಿರದಿಂದ ನೋಡಬೇಕು. ರೊಟೇಟರ್ ಕಫ್‌ಗೆ ಎರಡು, ಹೆಗಲ ಹಲಗೆಯ ಸ್ನಾಯುಗಳಿಗೆ ಮೂರು, ಭುಜದ ಹಿಂಭಾಗ ಎಳೆಯಲು ಒಂದು. ಬಲ ಕೂಡಿಸುವ ಪ್ರತಿ ವ್ಯಾಯಾಮ 15 ಸಲ, ಮೂರು ಸುತ್ತು, ಮೊದಲ ಎಂಟು ವಾರ ದಿನಕ್ಕೆರಡು ಹೊತ್ತು. ಒತ್ತು ಇದ್ದದ್ದು ಭಾರವನ್ನು ನಿಧಾನವಾಗಿ ಇಳಿಸುವುದರ ಮೇಲೆ. ಹತ್ತರಲ್ಲಿ ಐದರವರೆಗೆ ನೋವು ಬಂದರೂ ಪರವಾಗಿಲ್ಲ, ಮುಂದಿನ ಹೊತ್ತಿನೊಳಗೆ ಅದು ಇಳಿದಿರಬೇಕು. ಇಳಿದಿದ್ದರೆ ಭಾರ ಏರಿಸು, ಇಲ್ಲದಿದ್ದರೆ ತಗ್ಗಿಸು. ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾಗುವುದು ಕಿಟಕಿಯ ಸರಳಿಗೆ ಕಟ್ಟಿದ ಒಂದು ರಬ್ಬರ್ ಪಟ್ಟಿ, ಮೊಣಕೈ ಮತ್ತು ಪಕ್ಕೆಯ ನಡುವೆ ಇಡಲು ಸುತ್ತಿದ ಟವೆಲ್. ಮೊಣಕೈ ಮಡಚಿ ಪಟ್ಟಿಯನ್ನು ಹೊರಕ್ಕೆ ಎಳೆಯುವುದು ಯಾರಿಗೂ ಬರುತ್ತದೆ. ವಾಪಸ್ ಬಿಡುವಾಗ ಮೂರು ಎಣಿಸುವಷ್ಟು ನಿಧಾನಿಸುವುದನ್ನು ಮಾತ್ರ ಎದುರು ನಿಂತು ಕಲಿಸಬೇಕು. ಜೆರಾಕ್ಸ್ ಹಾಳೆಗೆ ಅದು ಆಗದ ಕೆಲಸ.

2013ರಲ್ಲಿ ಅಮೆರಿಕದ ಮೂನ್ ತಂಡ ಇನ್ನೊಂದು ಭಯವನ್ನು ಕಡಿಮೆ ಮಾಡಿತು. ಪೆಟ್ಟು ಬೀಳದೆ, ತಾನಾಗಿ ಪೂರ್ತಿ ಹರಿದ ಸ್ನಾಯುರಜ್ಜು ಇದ್ದವರಿಗೆ ವ್ಯಾಯಾಮ ಕೊಟ್ಟು ನೋಡಿದಾಗ ಎರಡು ವರ್ಷದಲ್ಲಿ ಶಸ್ತ್ರಚಿಕಿತ್ಸೆಗೆ ಹೋದವರು ಶೇ. 25ಕ್ಕಿಂತ ಕಡಿಮೆ. ಯಾರು ಹೋಗುತ್ತಾರೆ ಎಂಬುದನ್ನು ಮುಖ್ಯವಾಗಿ ತಿಳಿಸಿದ್ದು 'ವ್ಯಾಯಾಮದಿಂದ ಗುಣವಾದೀತು' ಎಂದು ರೋಗಿ ನಂಬಿದ್ದನೇ ಇಲ್ಲವೇ ಎಂಬುದು. ಬಿದ್ದು ಪೆಟ್ಟಾಗಿ ತೋಳು ಒಮ್ಮೆಲೇ ಮೇಲೇಳದಂತಾದವರ ಮಾತು ಬೇರೆ. ಅವರು ತಡಮಾಡದೆ ಶಸ್ತ್ರವೈದ್ಯರನ್ನು ಕಾಣಬೇಕು. ಇನ್ನು ಸ್ಕ್ಯಾನಿಂಗ್ ವರದಿ: 2011ರ ಒಂದು ಅಧ್ಯಯನದಲ್ಲಿ ಭುಜದ ನೋವೇ ಇಲ್ಲದ, 40ರಿಂದ 70 ವಯಸ್ಸಿನ 51 ಗಂಡಸರನ್ನು ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಶೇ. 96 ಮಂದಿಯಲ್ಲಿ ಏನಾದರೊಂದು ದೋಷ ಕಂಡಿತು. 'ಹರಿದಿದೆ' ಎಂಬ ಒಂದು ಪದ ಓದಿಯೇ ಕುಗ್ಗಿಹೋದವರಿಗೆ ಇದನ್ನು ಹೇಳಲು ನಮಗೆ ಐದು ನಿಮಿಷ ಇರಬೇಕು.

ಕೆತ್ತುವ ಸಿದ್ಧಾಂತಕ್ಕೆ ಕೊನೆಯ ಪೆಟ್ಟು ಬಿದ್ದದ್ದು 2018ರಲ್ಲಿ. ಬ್ರಿಟನ್ನಿನ 313 ರೋಗಿಗಳ ಮೇಲೆ, ಫಿನ್‌ಲೆಂಡಿನ 210 ರೋಗಿಗಳ ಮೇಲೆ ನಡೆದ ಎರಡು ಪ್ರಯೋಗಗಳಲ್ಲಿ ಮೂಳೆ ಕೆತ್ತಿದವರಿಗೂ ಕ್ಯಾಮೆರಾ ತೂರಿಸಿ ಸುಮ್ಮನೆ ಹೊರತೆಗೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಮಾರ್ಗಸೂಚಿ ಆ ಶಸ್ತ್ರಚಿಕಿತ್ಸೆ ಬೇಡವೆಂದು ಖಡಾಖಂಡಿತವಾಗಿ ಹೇಳಿತು. ಬ್ರಿಟನ್ನಿನ ಜೆರೆಮಿ ಲೂಯಿಸ್ ಅಷ್ಟರಲ್ಲಾಗಲೇ ಉಜ್ಜುವ ಮಾತನ್ನು ಕೈಬಿಟ್ಟು, ಭಾರ ಮತ್ತು ತಾಳಿಕೆಯ ಲೆಕ್ಕದಲ್ಲಿ ಈ ನೋವನ್ನು ನೋಡಲು ಕಲಿಸಿದ್ದರು. ನನ್ನ ದೃಷ್ಟಿಯಲ್ಲಿ ಈಗಿನ ಸರಿಯಾದ ನೆಲೆ ಅದೇ.

ಇನ್ನು ಆ ದೊಡ್ಡ ಅಧ್ಯಯನಕ್ಕೆ ಬರೋಣ. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಗ್ರಾಸ್ಪ್ ಪ್ರಯೋಗದಲ್ಲಿ 708 ರೋಗಿಗಳಿದ್ದರು. ಕೆಲವರಿಗೆ ಆರು ಭೇಟಿಗಳವರೆಗೆ ಹಂತಹಂತವಾಗಿ ಏರುವ ವ್ಯಾಯಾಮ, ಇನ್ನು ಕೆಲವರಿಗೆ ಒಂದೇ ಭೇಟಿ. ವರ್ಷದ ಕೊನೆಗೆ ಎರಡೂ ಕಡೆ ಫಲ ಸಮ. ಆರಂಭದಲ್ಲಿ ಹೇಳಿದ ಆ ಹೊಸ ಮಾತು ಹುಟ್ಟಿದ್ದು ಇಲ್ಲಿ. ಆದರೆ ಆ 'ಒಂದೇ ಭೇಟಿ' ಒಂದು ಗಂಟೆಯವರೆಗಿನದು. ತರಬೇತಾದ ಫಿಸಿಯೋಥೆರಪಿಸ್ಟ್ ಪರೀಕ್ಷೆ ಮಾಡಿ, ನೋವಿನ ಬಗ್ಗೆ ತಿಳಿಹೇಳಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಕಲಿಸಿ ಕಳಿಸುತ್ತಿದ್ದರು. ಅಂದರೆ ಎರಡೂ ಗುಂಪಿನವರಿಗೆ ಸಿಕ್ಕದ್ದು ವ್ಯಾಯಾಮವೇ. ಚಿಕಿತ್ಸೆಯೇ ಇಲ್ಲದ ಗುಂಪು ಅಲ್ಲಿರಲಿಲ್ಲ. ಚೆನ್ನಾಗಿ ಕಲಿಸಿದರೆ ಒಂದು ಭೇಟಿಯೂ ಸಾಕಾಗಬಹುದು ಎಂದು ಅದು ತೋರಿಸಿತು. ಎರಡು ನಿಮಿಷದ ಹಾಳೆ ಸಾಕು ಎಂದು ಎಲ್ಲಿಯೂ ಹೇಳಲಿಲ್ಲ. ಇದರ ಪಕ್ಕದಲ್ಲಿ 2010ರ ಆಸ್ಟ್ರೇಲಿಯಾದ ಬೆನೆಲ್ ತಂಡದ ಪ್ರಯೋಗವನ್ನೂ ಇಟ್ಟು ಓದಬೇಕು: ಹುಸಿ ಚಿಕಿತ್ಸೆಗೆ ಹೋಲಿಸಿದರೆ 11ನೇ ವಾರದಲ್ಲಿ ಹೆಚ್ಚಿನ ಲಾಭವಿರಲಿಲ್ಲ; ಮನೆಯಲ್ಲಿ ವ್ಯಾಯಾಮ ಮುಂದುವರಿಸಿದವರಲ್ಲಿ 22ನೇ ವಾರಕ್ಕೆ ಬಲವೂ ಕೈಯ ಬಳಕೆಯೂ ಸುಧಾರಿಸಿದ್ದವು. ಇದು ತಿಂಗಳುಗಳ ಕೆಲಸ. 'ಹತ್ತು ದಿನದ ಕರೆಂಟ್' ಲೆಕ್ಕಕ್ಕೆ ಇದು ಒಗ್ಗುವುದಿಲ್ಲ.

ಬಾಕಿ ಉಳಿದ ಪ್ರಶ್ನೆಗಳು ಸಣ್ಣವಲ್ಲ. ಎಷ್ಟು ಭಾರ, ವಾರಕ್ಕೆ ಎಷ್ಟು ಸಲ, ಯಾವ ವೇಗ ಎಂಬುದನ್ನು ಬಹಳಷ್ಟು ಪ್ರಯೋಗಗಳು ಸರಿಯಾಗಿ ದಾಖಲಿಸಿಲ್ಲ. ಮೇಲೆ ಹೆಸರಿಸಿದ ಅಧ್ಯಯನಗಳಲ್ಲಿ ಒಂದೂ ನಮ್ಮ ದೇಶದ್ದಲ್ಲ. ಅಲ್ಲಿನ ರೋಗಿ ಕೆಲಸಕ್ಕೆ ರಜೆ ಹಾಕಬಲ್ಲ. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲನಿಗೆ, ಸೂರಿಗೆ ಬಣ್ಣ ಬಳಿಯುವವನಿಗೆ, ಕತ್ತೆತ್ತಿ ದೋಟಿ ಹಿಡಿದು ಅಡಿಕೆ ಕೊನೆ ಕೀಳುವವನಿಗೆ, ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ದಿನದ ಕೂಲಿ ಬಿಡಲಾಗದು. ಅವರ ತೋಳಿನ ಮೇಲೆ ಆಗಲೇ ಬೀಳುತ್ತಿರುವ ಭಾರವನ್ನು ಲೆಕ್ಕಕ್ಕೆ ಹಿಡಿದೇ ವ್ಯಾಯಾಮ ಗೊತ್ತುಮಾಡಬೇಕು. ಕೆಲಸ ಬಿಡಿಸದೆ, ಎತ್ತುವ ಎತ್ತರ ತಗ್ಗಿಸಿ, ಕೈ ಬದಲಿಸಿ, ಅದರ ಜೊತೆಗೇ ಬಲ ಕೂಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ, ಇವರ ನಡುವೆಯೇ ಸಿಗಬೇಕು.

ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಈ ನೋವಿಗೆ ವಿದ್ಯುತ್ ಉಪಕರಣಗಳ ಪರವಾಗಿ 2016ರ ಕಾಕ್ರೇನ್ ಪರಾಮರ್ಶೆಗೂ ಬಲವಾದ ಆಧಾರ ದೊರೆಯಲಿಲ್ಲ. ಬೇಕಿರುವುದು ರೋಗಿಯ ಎದುರು ಕೂರುವ ಸಮಯ, ಮೂರು ತಿಂಗಳು ಬಿಡದೆ ವಿಚಾರಿಸುವ ವ್ಯವಸ್ಥೆ. ನಮ್ಮ ಬಹುಪಾಲು ಕ್ಲಿನಿಕ್ಕುಗಳಲ್ಲಿ ಯಂತ್ರ ಹಚ್ಚಿದ್ದಕ್ಕೆ ಒಂದೊಂದು ಸಿಟ್ಟಿಂಗಿನ ಶುಲ್ಕವಿದೆ, ಕಲಿಸಿದ್ದಕ್ಕೆ ಇಲ್ಲ. ಮೊದಲ ಭೇಟಿಯಲ್ಲಿ ಅರ್ಧ ಗಂಟೆ ಕಲಿಸುವುದಕ್ಕೇ ಶುಲ್ಕ ಗೊತ್ತುಮಾಡಲಿ. ಜಿಲ್ಲಾ ಆಸ್ಪತ್ರೆಗಳ ಫಿಸಿಯೋಥೆರಪಿ ವಿಭಾಗಗಳು ಭುಜ ನೋವಿನ ರೋಗಿಗಳಿಗೆ ಕೊಟ್ಟ ಭಾರ, ಸುತ್ತು, ವಾರಗಳನ್ನು ಬರೆದಿಡಲಿ. ಸ್ವೀಡನ್ನಿನ 102 ರೋಗಿಗಳ ದಾಖಲೆ ಅಷ್ಟು ಕಲಿಸಿದೆ. ಅಂಥ ದಾಖಲೆಗೆ ಬೇಕಾದ ರೋಗಿಗಳು ನಮ್ಮ ಹೊರರೋಗಿ ವಿಭಾಗಗಳ ಬಾಗಿಲಲ್ಲಿ ಪ್ರತಿದಿನವೂ ಸಾಲು ನಿಂತಿದ್ದಾರೆ.