ಉಚಿತ ಅಕ್ಷರ, ಮುಕ್ತ ಅಕ್ಷರ

2002ರ ಸುಮಾರಿಗೆ ಹುಲಕೋಟಿಯಂಥ ಊರಿನ ಶಾಲೆಯ ಗಣಕಕ್ಕೆ ಲಿನಕ್ಸ್ ಹಾಕಿದ್ದರೆಂದು ಭಾವಿಸೋಣ. ಕನ್ನಡ ಕಡತ ತೆರೆದರೆ ಅಕ್ಷರಗಳ ಬದಲು ಬರೀ ಚೌಕಗಳು. ಗಣಕದಲ್ಲಿ ಯೂನಿಕೋಡ್ ಫಾಂಟ್ ಇಲ್ಲ. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಬಂದ 'ತುಂಗಾ' ಪಕ್ಕದ ಗಣಕದಲ್ಲೇ ಇದ್ದೀತು. ಆದರೆ ಅದರ ಪರವಾನಗಿ ವಿಂಡೋಸ್‌ಗೆ ಅಂಟಿಕೊಂಡದ್ದು. ಅದನ್ನು ಲಿನಕ್ಸ್ ಸಿ.ಡಿ.ಗೆ ಸೇರಿಸಿ ಹಂಚುವಂತಿರಲಿಲ್ಲ.

ಮುಕ್ತ ತಂತ್ರಾಂಶಗಳ ಪ್ಯಾಕೇಜು ಕಟ್ಟುವವರಿಗೆ ಇದು ಹಳೆಯ ತಲೆನೋವು. ಡೆಬಿಯನ್ ಸಂಘಟನೆ 1997ರ ಜುಲೈಯಲ್ಲಿ ಇದಕ್ಕೊಂದು ನಿಯಮಾವಳಿ ಒಪ್ಪಿಕೊಂಡಿತು. ಬಳಸಲು, ತಿದ್ದಲು, ಮಾರಲು ಕೂಡ ಅನುಮತಿಯಿರುವುದು 'ಮೇನ್' ವಿಭಾಗಕ್ಕೆ, ಇಲ್ಲದ್ದು 'ನಾನ್-ಫ್ರೀ'ಗೆ, ತಾನು ಮುಕ್ತವಾಗಿದ್ದರೂ ಮುಕ್ತವಲ್ಲದ್ದನ್ನು ನೆಚ್ಚಿಕೊಂಡದ್ದು 'ಕಾಂಟ್ರಿಬ್'ಗೆ. ಮೂಲ ತಂತ್ರಾಂಶದ ಕಂತೆಯಲ್ಲಿ ಒಂದೇ ಒಂದು ಕಡತ ಮುಕ್ತವಲ್ಲದಿದ್ದರೂ ಅದನ್ನು ಕಿತ್ತು, ಕಂತೆಯನ್ನು ಮತ್ತೆ ಕಟ್ಟಿ, ಆವೃತ್ತಿ ಸಂಖ್ಯೆಗೆ 'ಡಿಎಫ್‌ಎಸ್‌ಜಿ' ಎಂಬ ಬಾಲ ಸೇರಿಸುವುದು ರೂಢಿ.

ಏರಿಯಲ್, ಟೈಮ್ಸ್ ನ್ಯೂ ರೋಮನ್ ಮೊದಲಾದ ಫಾಂಟ್‌ಗಳ ಕಥೆ ಸ್ವಾರಸ್ಯವಾದದ್ದು. ಮೈಕ್ರೋಸಾಫ್ಟ್ ಅವನ್ನು 1996ರಿಂದ ಹಣವಿಲ್ಲದೆ ಕೊಟ್ಟು, 2002ರಲ್ಲಿ ನಿಲ್ಲಿಸಿತು. ಮೂಲ ಕಡತವನ್ನು ಇದ್ದಂತೆಯೇ ಹಂಚಬಹುದಿತ್ತು, ಬಿಚ್ಚಿ ಹಂಚುವಂತಿರಲಿಲ್ಲ. ಆದ್ದರಿಂದ ಡೆಬಿಯನ್ನಿನ ಪ್ಯಾಕೇಜಿನೊಳಗೆ ಫಾಂಟೇ ಇಲ್ಲ! ಅದು ಅಂತರ್ಜಾಲದಿಂದ ಕಡತ ತಂದು ಬಳಕೆದಾರನ ಗಣಕದಲ್ಲೇ ಬಿಚ್ಚುತ್ತದೆ. ಜಾಣ ಉಪಾಯವೇ ಸರಿ. ಅಂತರ್ಜಾಲವಿಲ್ಲದ ಶಾಲೆಗೆ ಮಾತ್ರ ಉಪಯೋಗವಿಲ್ಲ. ಆ ಫಾಂಟ್‌ಗಳಲ್ಲಿ ಕನ್ನಡವೂ ಇರಲಿಲ್ಲ.

ನಮ್ಮಲ್ಲಿ 'ಉಚಿತ' ಮತ್ತು 'ಮುಕ್ತ' ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ಹಣ ಕೊಡದೆ ಸಿಕ್ಕ ಫಾಂಟಿನಲ್ಲಿ ಒತ್ತಕ್ಷರವೋ ಅರ್ಕಾವತ್ತೋ ತಪ್ಪು ಜಾಗದಲ್ಲಿ ಕೂತರೆ ಏನು ಮಾಡುವುದು? ತಿದ್ದುವ ತಿಳಿವಳಿಕೆ ಇದ್ದರೂ, ತಿದ್ದಿದ್ದನ್ನು ಹಂಚುವ ಹಕ್ಕು ಇರಬೇಕಲ್ಲ! ವ್ಯಂಜನ ಸಂಯೋಗಗಳು ನೂರಾರಿರುವ ಲಿಪಿಗೆ ಈ ಹಕ್ಕು ಇಂಗ್ಲಿಷಿಗಿಂತ ಹೆಚ್ಚು ಅಗತ್ಯ.

2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ಭಾರತೀಯ ಲಿಪಿಗಳ 'ಲೋಹಿತ್' ಫಾಂಟ್‌ಗಳನ್ನು ಜಿಪಿಎಲ್ ಪರವಾನಗಿಯಲ್ಲಿ ಹೊರತಂದಿತು. ಕೇದಗೆ, ಮಲ್ಲಿಗೆ ಫಾಂಟ್‌ಗಳೂ ಅದೇ ಪರವಾನಗಿಯಲ್ಲಿ ಡೆಬಿಯನ್ ಸೇರಿದವು. ಆದರೆ ಜಿಪಿಎಲ್ ಹುಟ್ಟಿದ್ದು ತಂತ್ರಾಂಶಕ್ಕಾಗಿ. ಫಾಂಟನ್ನು ಒಳಗೊಂಡ ಪಿಡಿಎಫ್ ಪ್ರಶ್ನೆಪತ್ರಿಕೆಗೂ ಅದರ ಷರತ್ತು ಅನ್ವಯಿಸುತ್ತದೆಯೇ ಎಂಬ ಸಂದೇಹ ಉಳಿದಿತ್ತು. 2011ರಲ್ಲಿ ಲೋಹಿತ್, ಫಾಂಟ್‌ಗಳಿಗೆಂದೇ ಬರೆದ ಓಎಫ್‌ಎಲ್ ಪರವಾನಗಿಗೆ ಬದಲಾಯಿತು. ದಾಖಲೆಗಳಿಗೆ ಷರತ್ತು ತಗುಲುವುದಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಗೂಗಲ್‌ನ ನೋಟೋ ಫಾಂಟ್‌ಗಳೂ 2015ರಲ್ಲಿ ಅದಕ್ಕೇ ಬಂದವು.

ಡೆಬಿಯನ್ನಿನ ಪ್ರತಿ ಪ್ಯಾಕೇಜಿನೊಂದಿಗೂ 'ಕಾಪಿರೈಟ್' ಎಂಬ ಕಡತ ಬರುತ್ತದೆ. ಲೋಹಿತ್ ಕನ್ನಡದ್ದನ್ನು ವಿದ್ಯಾರ್ಥಿಗಳು ಒಮ್ಮೆ ತೆರೆದು ಓದಬಹುದು.