ಮೆಣಸು ಊರು ಬಿಟ್ಟಿತು, ಸಿಂಗಳೀಕ ಬಿಡಲಾರದು
ಘಟ್ಟದ ಕಥೆಗಳು | ಕಂತು 4

ಖಾರಾ ಪೊಂಗಲ್ ತಿನ್ನುವಾಗ ಕಾಳುಮೆಣಸನ್ನ ಎತ್ತಿ ತಟ್ಟೆ ಅಂಚಿಗೆ ಇಡ್ತೀವಲ್ಲ, ಅದಕ್ಕೂ ಫೋಟೋದಲ್ಲಿರೋ ಈ ಸಿಂಗಳೀಕಕ್ಕೂ ಒಂದು ಸಂಬಂಧ ಇದೆ. ಎರಡೂ ನಮ್ಮ ಪಶ್ಚಿಮ ಘಟ್ಟದ ಕಾಡಿನವೇ. ಎರಡಕ್ಕೂ ವೈಜ್ಞಾನಿಕ ಹೆಸರು ಇಟ್ಟವನೂ ಒಬ್ಬನೇ, ಸ್ವೀಡನ್‌ನ ಲಿನೇಯಸ್. ಮೆಣಸಿಗೆ 1753ರಲ್ಲಿ, ಸಿಂಗಳೀಕಕ್ಕೆ 1758ರಲ್ಲಿ. ಆದರೆ ಎರಡರ ಹಣೆಬರಹ ಬೇರೆ ಬೇರೆ.

ಮೊದಲು ಮೆಣಸು. ಕ್ರಿ.ಪೂ. 1213ರಲ್ಲಿ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್ ಸತ್ತಾಗ ಅವನ ಮಮ್ಮಿಯ ಮೂಗಿನ ಹೊಳ್ಳೆಗೆ ಮೆಣಸಿನ ಕಾಳು ತುಂಬಿದ್ದರು. ಕ್ರಿ.ಶ. 408ರಲ್ಲಿ ರೋಮ್‌ಗೆ ಮುತ್ತಿಗೆ ಹಾಕಿದ ಅಲಾರಿಕ್, ಚಿನ್ನದ ಜೊತೆ 3000 ಪೌಂಡ್ ಮೆಣಸನ್ನೂ ಕೇಳಿದ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಹತ್ತಿರ ಬಂದಿಳಿದಿದ್ದೂ ಇದೇ ವ್ಯಾಪಾರದ ಆಸೆಗೆ. 16ನೇ ಶತಮಾನದಲ್ಲಿ ಗೇರುಸೊಪ್ಪೆ ಆಳಿದ ಚೆನ್ನಭೈರಾದೇವಿಗೆ ಪೋರ್ಚುಗೀಸರು ಇಟ್ಟ ಹೆಸರೇ ‘ಮೆಣಸಿನ ರಾಣಿ’.

ಬಳ್ಳಿಯ ಒಂದು ತುಂಡು, ಜೊತೆಗೆ ಮಳೆ, ನೆರಳು, ಹಬ್ಬೋಕೆ ಒಂದು ಮರ ಸಿಕ್ಕರೆ ಮೆಣಸು ಎಲ್ಲಿ ಬೇಕಾದ್ರೂ ಬದುಕುತ್ತೆ. ಇವತ್ತು ಅತಿ ಹೆಚ್ಚು ಮೆಣಸು ಬೆಳೆಯೋದು ನಾವಲ್ಲ, ವಿಯೆಟ್ನಾಂ!

ಈಗ ಸಿಂಗಳೀಕ. ಇದರ ಬದುಕೆಲ್ಲ ಮರದ ಮೇಲೆ. ಕೊಂಬೆಗೆ ಕೊಂಬೆ ತಾಗಿದ್ದರೇನೇ ಓಡಾಟ. ಬ್ರಿಟಿಷರ ಕಾಲದಿಂದ ಟೀ, ಕಾಫಿ ತೋಟಗಳು, ಆಮೇಲೆ ರಸ್ತೆ, ಅಣೆಕಟ್ಟು ಬಂದು ಕಾಡು ತುಂಡು ತುಂಡಾಯ್ತು. ಗುಂಪುಗಳು ಅಲ್ಲಲ್ಲೇ ಸಿಕ್ಕಿಬಿದ್ದವು. ಹೆಣ್ಣು ಮರಿ ಹಾಕೋದು ಸುಮಾರು ಮೂರು ವರ್ಷಕ್ಕೊಮ್ಮೆ, ಅದೂ ಒಂದೇ. ಕಾಡಲ್ಲಿ ಉಳಿದಿರೋದು ಅಂದಾಜು 4000. ಕರ್ನಾಟಕ, ಕೇರಳ, ತಮಿಳುನಾಡು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇವು ಇಲ್ಲ.

ನಮ್ಮ ರಾಜ್ಯದ ಸಿಂಗಳೀಕಗಳಿಗೆ ಮುಖ್ಯ ಆಸರೆ ಯಾವ ಸೀಮೆ ಗೊತ್ತಾ? ಅದೇ ಮೆಣಸಿನ ರಾಣಿಯ ಗೇರುಸೊಪ್ಪೆ ಸುತ್ತಲಿನ ಶರಾವತಿ, ಅಘನಾಶಿನಿ ಕಣಿವೆಗಳು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯ್ತು. ಈಗ ಅಲ್ಲೇ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಮಾಡೋಕೆ ಹೊರಟಿದ್ದಾರೆ. ಕರೆಂಟು ಬೇಕು ಅನ್ನೋರೂ ಇದ್ದಾರೆ, ಕಾಡು ಬೇಕು ಅನ್ನೋರೂ ಇದ್ದಾರೆ.

ಹಿಂದೆ ಕೇರಳದ ಸೈಲೆಂಟ್ ವ್ಯಾಲಿಯಲ್ಲೂ ಹೀಗೇ ಚರ್ಚೆ ನಡೆದಿತ್ತು. ಜನ ಹೋರಾಡಿದರು, ಸಿಂಗಳೀಕವೇ ಆ ಹೋರಾಟದ ಗುರುತಾಯ್ತು. ಅಣೆಕಟ್ಟು ಕೈಬಿಟ್ಟು 1984ರಲ್ಲಿ ಅದನ್ನ ರಾಷ್ಟ್ರೀಯ ಉದ್ಯಾನ ಅಂತ ಘೋಷಿಸಿದರು.

ಘಟ್ಟದ ಕಾಡು ಹೋದರೂ ಅಂಗಡಿಯಲ್ಲಿ ಮೆಣಸು ಸಿಗುತ್ತೆ, ವಿಯೆಟ್ನಾಮಿಂದ ಬರುತ್ತೆ. ಸಿಂಗಳೀಕ ಎಲ್ಲಿಂದ ತರೋಣ?

ನೀವ್ಯಾರಾದ್ರೂ ಸಿಂಗಳೀಕ ನೋಡಿದ್ದೀರಾ? ಎಲ್ಲಿ ಅಂತ ಕಮೆಂಟ್ ಮಾಡಿ. ಮುಂದಿನ ಕಂತಲ್ಲಿ ಏಲಕ್ಕಿ.

#ಘಟ್ಟದಕಥೆಗಳು #ಸಿಂಗಳೀಕ #ಕಾಳುಮೆಣಸು #ಶರಾವತಿ