ಭೇದನಪರೀಕ್ಷೆಯ ದಾಖಲೆ: ಒಂದು ಐತಿಹಾಸಿಕ ವಿವೇಚನೆ

ಗಣಕವ್ಯವಸ್ಥೆಯ ರಕ್ಷಣೆಯಲ್ಲಿ ಬಿರುಕು ಎಲ್ಲಿದೆಯೆಂದು ಅರಿಯುವುದಕ್ಕಾಗಿ, ಅದರ ಒಡೆಯನ ಅಪ್ಪಣೆ ಪಡೆದು ಅದರೊಳಕ್ಕೆ ನುಗ್ಗಲೆಳಸುವ ಕ್ರಮವನ್ನು ಭೇದನಪರೀಕ್ಷೆ ಎನ್ನಬಹುದು. ಹೊರನೋಟಕ್ಕೆ ಪರೀಕ್ಷಕನ ಕಾರ್ಯಕ್ಕೂ ಕಳ್ಳನ ಕಾರ್ಯಕ್ಕೂ ಅಂತರವಿಲ್ಲ. ಕೈಯಲ್ಲಿರುವ ಅಪ್ಪಣೆಯ ಪತ್ರ, ತಾನು ಮಾಡಿದ್ದೇನೆಂಬುದರ ದಾಖಲೆ, ಇವೆರಡೇ ಅವನನ್ನು ಬೇರ್ಪಡಿಸುತ್ತವೆ. ಇಲ್ಲಿ ಎರಡನೆಯದನ್ನು ಮಾತ್ರ ವಿವೇಚಿಸಿದೆ.

1974ರಲ್ಲಿ ಅಮೆರಿಕದ ವಾಯುಸೇನೆಗಾಗಿ ಪಾಲ್ ಕಾರ್ಗರ್ ಮತ್ತು ರೋಜರ್ ಶೆಲ್ ಅವರು ಮಲ್ಟಿಕ್ಸ್ ವ್ಯವಸ್ಥೆಯನ್ನು ಪರೀಕ್ಷಿಸಿ ಒಪ್ಪಿಸಿದ ವರದಿ ಈ ಕ್ಷೇತ್ರದ ಆದ್ಯ ಗ್ರಂಥಗಳಲ್ಲಿ ಒಂದು. ತಾವು ಬಳಸಿದ ಪ್ರೋಗ್ರಾಮುಗಳನ್ನು ಅವರು ಅನುಬಂಧದಲ್ಲಿ ಕೊಟ್ಟಿದ್ದಾರೆ. ಆದರೂ ವರದಿಯೆಂಬುದು ಕಾರ್ಯ ಮುಗಿದ ಮೇಲೆ ರಚಿತವಾಗುವ ಕೃತಿ. ನೆನಪು ಆರಿಸಿಕೊಟ್ಟದ್ದು ಅದರಲ್ಲಿ ಸೇರುತ್ತದೆ.

ನಡೆದುದನ್ನು ನಡೆದಂತೆಯೇ ಹಿಡಿದಿಡುವ ಸಾಧನ ಬಂದದ್ದು ಬೇರೊಂದು ದಾರಿಯಿಂದ. 1979ರ ಬರ್ಕ್ಲಿ ಯೂನಿಕ್ಸಿನಲ್ಲಿ 'ಸ್ಕ್ರಿಪ್ಟ್' ಎಂಬ ಆಜ್ಞೆಯೊಂದು ಸೇರಿತು. ಟರ್ಮಿನಲ್ ಪರದೆಯ ಮೇಲೆ ಮೂಡುವುದೆಲ್ಲವನ್ನೂ ಅದು ಕಡತವೊಂದಕ್ಕೆ ಬರೆದಿಡುತ್ತದೆ. ವಿದ್ಯಾರ್ಥಿಗಳು ತಮ್ಮ ಅಭ್ಯಾಸಪಾಠವನ್ನು ಮಾಡಿದುದಕ್ಕೆ ರುಜುವಾತಾಗಿ ಇದನ್ನು ಒಪ್ಪಿಸಬಹುದೆಂದು ಅದರ ಕೈಪಿಡಿಯೇ ಹೇಳುತ್ತದೆ. ಸಾಕ್ಷ್ಯದ ಉದ್ದೇಶವು ಹೀಗೆ ಈ ಸಾಧನಕ್ಕೆ ಹಳೆಯದೇ.

ಆದರೆ ಈ ಕಡತವು ಪರೀಕ್ಷೆಗೊಳಗಾದ ಯಂತ್ರದಲ್ಲಿಯೇ ಉಳಿದರೆ ಅದನ್ನು ನಂಬುವುದೆಂತು? 1986ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಕ್ಲಿಫರ್ಡ್ ಸ್ಟಾಲ್ ಅವರಿಗೆ ಎದುರಾದದ್ದು ಈ ಪ್ರಶ್ನೆಯೇ. ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸವನ್ನು ಬೆನ್ನಟ್ಟಿದ ಅವರು ಅತಿಕ್ರಮಿಯೊಬ್ಬನ ಸುಳಿವನ್ನು ಕಂಡರು. ಯಂತ್ರದ ಮೇಲೆ ಪೂರ್ಣ ಅಧಿಕಾರ ಗಳಿಸಿದವನು ಅದರೊಳಗಿನ ದಾಖಲೆಯನ್ನು ಅಳಿಸಬಲ್ಲನು, ಕಾವಲಿರುವುದನ್ನೂ ಅರಿಯಬಲ್ಲನು. ಆದಕಾರಣ ಸ್ಟಾಲ್ ಒಳಬರುವ ತಂತಿಗಳಿಗೇ ಮುದ್ರಕಗಳನ್ನು ಜೋಡಿಸಿದರು. ಅವನು ಒತ್ತಿದ ಪ್ರತಿಯೊಂದು ಅಕ್ಷರವೂ ಅವನ ಕೈಗೆಟುಕದ ಕಾಗದದ ಮೇಲೆ ಬಿದ್ದಿತು. (ಆ ಕಾಗದದ ರಾಶಿಯೇ ಮುಂದೆ ಜರ್ಮನಿಯವರೆಗೂ ದಾರಿ ತೋರಿತು.) ನನ್ನ ಅಭಿಪ್ರಾಯದಲ್ಲಿ, ಇಂದು ದಾಖಲೆಯನ್ನು ಬೇರೊಂದು ಸರ್ವರಿಗೆ ಏರಿಸುವ ಪದ್ಧತಿಯ ಮರ್ಮವೆಲ್ಲ ಈ ಮುದ್ರಕಗಳಲ್ಲಿ ಅಡಗಿದೆ.

ವೆರೈಝನ್ ಮೀಡಿಯಾ ಸಂಸ್ಥೆಯ ರಕ್ಷಣಾತಂಡವು 2020ರಲ್ಲಿ ಬಹಿರಂಗಗೊಳಿಸಿದ 'ಆಶರ್ಟ್' ವ್ಯವಸ್ಥೆಗೆ ಸೇರಿದ 'ಏಟರ್ಮ್' ಎಂಬ ಆಜ್ಞಾಸಾಧನವು ಎರಡು ಕಾರ್ಯಗಳನ್ನೂ ಕೂಡಿಸುತ್ತದೆ. ಪರೀಕ್ಷಕನ ಟರ್ಮಿನಲ್ ಕಲಾಪವನ್ನು ಅದು ದಾಖಲಿಸಿ ಸರ್ವರಿಗೆ ಕಳುಹಿಸುತ್ತದೆ. ದಾಖಲೆಯ ರೂಪ ಮಾರ್ಚಿನ್ ಕುಲಿಕ್ ಅವರ 'ಆಸ್ಕಿನೆಮಾ'ದಿಂದ ಬಂದದ್ದು: ಪರದೆಗೆ ಬಂದ ಅಕ್ಷರಗಳು, ಅವು ಬಂದ ಕಾಲ, ಇಷ್ಟನ್ನೇ ಸಾದಾ ಬರಹದ ಸಾಲುಗಳಲ್ಲಿ ಇಡುತ್ತದೆ. ಸ್ಟಾಲ್ ಅವರ ಕಾಗದಕ್ಕೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಅಲ್ಲಿ ದಾಖಲಿಸಿದವನು ಕಾವಲುಗಾರ. ಇಲ್ಲಿ ನುಗ್ಗಿದವನೇ ಲಿಪಿಕಾರ. ಏರಿಸುವ ಕ್ಷಣದವರೆಗೂ ಕಡತ ಅವನ ಕೈಯಲ್ಲಿಯೇ ಇರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಗಂಭೀರವಾದುದು. ಬೆರಳಚ್ಚಿಸಿದ ಪಾಸ್‌ವರ್ಡ್ ಸಾಮಾನ್ಯವಾಗಿ ಪರದೆಯ ಮೇಲೆ ಮೂಡದು; ಆದ್ದರಿಂದ ದಾಖಲೆಯಲ್ಲಿಯೂ ಮೂಡದು. ಆದರೆ ಪರೀಕ್ಷಕನು ಗುಟ್ಟುಗಳಿರುವ ಕಡತವೊಂದನ್ನು ತೆರೆದು ನೋಡಿದರೆ ಅದು ಇಡಿಯಾಗಿ ಅಚ್ಚಾಗುತ್ತದೆ, ದಾಖಲೆಯೊಡನೆ ಸರ್ವರಿಗೂ ಹೋಗುತ್ತದೆ. ಒಡೆಯನ ಗುಟ್ಟಿಗೆ ಹೀಗೆ ಎರಡನೆಯ ನೆಲೆಯೊಂದು ಹುಟ್ಟುತ್ತದೆ. ಸಾದಾ ಬರಹವಾದ್ದರಿಂದ ಅದನ್ನು ಅಳಿಸುವುದೇನೋ ಸುಲಭ. ಅಷ್ಟೇ ಸುಲಭವಾಗಿ ಬೇರೆಯದನ್ನೂ ಅಳಿಸಬಹುದು. ಇಂತಹ ಅಳಿಸುವಿಕೆ ಎಲ್ಲೆಲ್ಲಿ ನಡೆದಿದೆಯೆಂಬುದನ್ನು ದಾಖಲೆಯೊಳಗೇ ಗುರುತಿಸಿಡದಿದ್ದರೆ, ಮುಂದಿನ ಓದುಗನಿಗೆ ಎರಡನ್ನೂ ಬೇರ್ಪಡಿಸುವ ಮಾರ್ಗವಿಲ್ಲ.